ಎಲ್ಲ ಟಿಕ್ಕೂ ಹಸಿರೇ, ದುಡ್ಡು ಮಾತ್ರ ಹೋಯ್ತು

ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಒಂದು ಮೆಷಿನ್ ಶಾಪ್ ಇದೆ. ನಾಲ್ಕು ಸಿಎನ್‌ಸಿ, ಎರಡು ವಿಎಂಸಿ, ಹದಿನೆಂಟು ಜನ ಕೆಲಸದೋರು, ಆಫೀಸ್ ಅಂದ್ರೆ ಕಬ್ಬಿಣದ ಮೆಟ್ಟಿಲು ಹತ್ತಿದ್ಮೇಲೆ ಸಿಗೋ ಒಂದು ಗಾಜಿನ ರೂಮು ಅಷ್ಟೇ. ಕಂಪ್ಯೂಟರ್ರು, ಪ್ರಿಂಟರ್ರು, ಟ್ಯಾಲಿ ಬ್ಯಾಕಪ್ಪು ಅಂತ ತಿಂಗಳಿಗೆ ಎರಡು ಸಲ ನಾನು ಅಲ್ಲಿಗೆ ಹೋಗಿ ಬರ್ತೀನಿ. ಒಂದು ಮಂಗಳವಾರ ಓನರ್ ಫೋನ್ ಮಾಡಿ "ಸ್ವಲ್ಪ ಅರ್ಜೆಂಟು, ಈಗ್ಲೇ ಬರೋಕಾಗುತ್ತಾ" ಅಂದ್ರು. ಪ್ರಿಂಟರ್ ಕೈ ಕೊಟ್ಟಿರ್ಬೇಕು ಅಂದ್ಕೊಂಡು ಹೋದ್ರೆ ಅಕೌಂಟ್ಸ್ ನೋಡ್ಕೊಳ್ಳೋ ಹುಡುಗಿ ಅಳ್ತಾ ಕೂತಿದಾಳೆ, ಓನರ್ ಮಾತೇ ಆಡ್ತಿಲ್ಲ. ಕೊಯಮತ್ತೂರಿನ ರೌಂಡ್ ಬಾರ್ ಸಪ್ಲೈಯರ್ ಬೆಳಗ್ಗೆ ಫೋನ್ ಮಾಡಿ "ಸರ್, ಆ ಆರು ಲಕ್ಷ ಎಂಬತ್ನಾಲ್ಕು ಸಾವಿರ ಯಾವಾಗ ಹಾಕ್ತೀರಾ" ಅಂತ ಕೇಳಿದಾರೆ. ಇವ್ರು ಹನ್ನೊಂದು ದಿನದ ಹಿಂದೆ, ಶುಕ್ರವಾರ ಸಂಜೆನೇ ಆರ್‌ಟಿಜಿಎಸ್ ಮಾಡಿ ಆಗಿದೆ.

ಎಲ್ಲಿಗೆ ಹೋಯ್ತು ಅಂದ್ರೆ, ಸಪ್ಲೈಯರ್ ಮೇಲ್ ಐಡಿಯಿಂದ ಒಂದು ಮೇಲ್ ಬಂದಿತ್ತು. ನಮ್ಮ ರೆಗ್ಯುಲರ್ ಅಕೌಂಟ್ ಆಡಿಟ್‌ನಲ್ಲಿದೆ, ಈ ಸಲದ ಪೇಮೆಂಟ್ ನಮ್ಮ ಸಿಸ್ಟರ್ ಕನ್ಸರ್ನ್ ಅಕೌಂಟ್‌ಗೆ ಹಾಕಿ, ಡೀಟೇಲ್ಸ್ ಲೆಟರ್‌ಹೆಡ್‌ನಲ್ಲಿ ಅಟ್ಯಾಚ್ ಮಾಡಿದೀವಿ ಅಂತ. ಲೆಟರ್‌ಹೆಡ್ ಅದೇ, ಸೀಲ್ ಅದೇ, ಇನ್‌ವಾಯ್ಸ್ ನಂಬರ್ ಸರಿ, ಅಮೌಂಟ್ ಪೈಸೆ ಸಮೇತ ಸರಿ. ಅದೂ ಹೊಸ ಮೇಲ್ ಅಲ್ಲ, ಮೂರು ವಾರದಿಂದ ರೇಟ್ ಬಗ್ಗೆ ನಡೀತಿದ್ದ ಮಾತುಕತೆಗೇ ಕೊಟ್ಟ ರಿಪ್ಲೈ.

ನಾನು ಮೊದ್ಲು ಮಾಡಿದ್ದು ಮೇಲ್‌ನ ಜಾತಕ ತೆಗ್ದಿದ್ದು. ಜಿಮೇಲ್‌ನಲ್ಲಿ ಮೇಲ್ ಓಪನ್ ಮಾಡಿ ಬಲಗಡೆ ಮೂರು ಚುಕ್ಕಿ ಒತ್ತಿದ್ರೆ 'ಶೋ ಒರಿಜಿನಲ್' ಅಂತ ಬರುತ್ತೆ, ಅದನ್ನ ಒತ್ತಿ, ಮೇಲ್ಗಡೆ ಒಂದು ಪಟ್ಟಿ ಕಾಣುತ್ತೆ. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಪಾಸ್. ಮೂರೂ ಪಾಸ್! ಅಂದ್ರೆ ತಾಂತ್ರಿಕವಾಗಿ ಹೇಳೋದಾದ್ರೆ ಈ ಮೇಲ್ ನಕಲಿನೇ ಅಲ್ಲ, ಸಪ್ಲೈಯರ್ ಡಬ್ಬದಿಂದಲೇ ಹೊರಟಿದ್ದು.

ಇದು ಅರ್ಥ ಆಗ್ಬೇಕು ಅಂದ್ರೆ ಈ ಮೂರು 'ಪಾಸ್' ಏನು ಅಂತ ಗೊತ್ತಿರ್ಬೇಕು, ಯಾಕಂದ್ರೆ ಈಗ ಯಾವ ಐಟಿ ಹುಡುಗನ್ನ ಕೇಳಿದ್ರೂ "ಡಿಮಾರ್ಕ್ ಹಾಕ್ಸಿ ಸರ್, ಸೇಫ್" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ.

ಇಮೇಲ್ ಓಡೋದು ಎಸ್‌ಎಂಟಿಪಿ ಅನ್ನೋ ಪದ್ಧತಿ ಮೇಲೆ, ಅದನ್ನ ಜಾನ್ ಪೋಸ್ಟೆಲ್ ಬರೆದಿದ್ದು 1982ರಲ್ಲಿ. ಆಗ ನೆಟ್‌ವರ್ಕ್‌ನಲ್ಲಿದ್ದಿದ್ದು ಯೂನಿವರ್ಸಿಟಿಗಳು, ರಿಸರ್ಚ್ ಲ್ಯಾಬ್‌ಗಳು, ಅಂಥ ಕೆಲವೇ ಜಾಗಗಳು, ಹಾಗಾಗಿ ಕಳಿಸಿದೋನು ನಿಜವಾಗ್ಲೂ ಅವನೇನಾ ಅಂತ ಪರೀಕ್ಷೆ ಮಾಡೋ ವ್ಯವಸ್ಥೆನೇ ಅದರಲ್ಲಿ ಇಟ್ಟಿರ್ಲಿಲ್ಲ. ಹಳೇ ಇನ್‌ಲ್ಯಾಂಡ್ ಲೆಟರ್ ನೆನಪಿದ್ಯಲ್ಲ, ಹಿಂದ್ಗಡೆ 'ಇಂದ' ಅಂತ ಇರೋ ಜಾಗದಲ್ಲಿ ನೀವು ಯಾರ ಹೆಸರು ಬೇಕಾದ್ರೂ ಬರೀಬಹುದಿತ್ತು, ಪೋಸ್ಟ್‌ಮ್ಯಾನ್ ಅದನ್ನ ನೋಡ್ತಾನೂ ಇರ್ಲಿಲ್ಲ, ಅವನಿಗೆ ಬೇಕಾಗಿದ್ದು 'ಗೆ' ಮಾತ್ರ. ಇಮೇಲ್‌ನ 'ಫ್ರಮ್' ಅನ್ನೋದು ಇವತ್ತಿಗೂ ಅಂಥದ್ದೇ ಜಾಗ. ಮೂರು ಅಕ್ಷರದ ಈ ಎಸ್‌ಪಿಎಫ್ ಗಿಎಸ್‌ಪಿಎಫ್ ಎಲ್ಲ ಆಮೇಲೆ ಹಾಕಿದ ತೇಪೆ.

ಎಸ್‌ಪಿಎಫ್ ಅಂದ್ರೆ ನಿಮ್ಮ ಡೊಮೇನ್‌ನವರು (ಡೊಮೇನ್ ಅಂದ್ರೆ ಮೇಲ್ ಐಡಿಯಲ್ಲಿ @ ಆದ್ಮೇಲೆ ಬರೋ ಹೆಸರು) ಒಂದು ಬೋರ್ಡ್ ತಗುಲಿಹಾಕೋದು, ನಮ್ಮ ಹೆಸರಲ್ಲಿ ಟಪಾಲು ತರೋ ಹಕ್ಕು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಇದೆ ಅಂತ. ಈ ಬೋರ್ಡ್ ಇರೋದು ಡಿಎನ್‌ಎಸ್‌ನಲ್ಲಿ. ಡಿಎನ್‌ಎಸ್ ಅನ್ನೋದು ಇಂಟರ್‌ನೆಟ್‌ನ ಟೆಲಿಫೋನ್ ಡೈರೆಕ್ಟರಿ ಅಂದ್ಕೊಳ್ಳಿ, ನಿಮ್ಮ ವೆಬ್‌ಸೈಟ್ ಎಲ್ಲಿದೆ, ನಿಮ್ಮ ಮೇಲ್ ಯಾವ ಸರ್ವರ್‌ಗೆ ತಲುಪಿಸ್ಬೇಕು ಅನ್ನೋದೆಲ್ಲ ಅಲ್ಲೇ ಬರೆದಿರುತ್ತೆ. ಡಿಕಿಮ್ ಅಂದ್ರೆ ಅರಗಿನ ಮುದ್ರೆ, ಮೇಲ್ ಹೊರಡುವಾಗ ಸರ್ವರ್ ಒಂದು ಗುಪ್ತ ಕೀಲಿಯಿಂದ ಸಹಿ ಹಾಕುತ್ತೆ, ತಗೊಳ್ಳೋರು ಡಿಎನ್‌ಎಸ್‌ನಲ್ಲಿರೋ ಜೋಡಿ ಕೀಲಿಯಿಂದ ತಾಳೆ ನೋಡ್ತಾರೆ, ದಾರಿಯಲ್ಲಿ ಯಾರಾದ್ರೂ ಒಳಗಿನ ಬರಹ ತಿದ್ದಿದ್ರೆ ಮುದ್ರೆ ಒಡೆದು ಹೋಗುತ್ತೆ. ಇವೆರಡೂ ಇದ್ರೂ ಒಂದು ತೂತು ಉಳ್ಕೊಂಡಿತ್ತು. ಎಸ್‌ಪಿಎಫ್ ಪರೀಕ್ಷೆ ಮಾಡೋದು ಹೊರಗಿನ ಲಕೋಟೆ ಮೇಲಿರೋ ವಿಳಾಸನ, ನಮ್ಮ ಕಣ್ಣಿಗೆ ಕಾಣೋದು ಒಳಗಿನ ಕಾಗದದ ಮೇಲಿನ ಹೆಸರು, ಎರಡೂ ಬೇರೆ ಬೇರೆ ಇರಬಹುದು. ಡಿಮಾರ್ಕ್ ಬಂದು ಆ ಎರಡನ್ನೂ ಕಟ್ಟಿಹಾಕ್ತು, ಕಣ್ಣಿಗೆ ಕಾಣೋ ಡೊಮೇನೂ ಪರೀಕ್ಷೆ ಪಾಸಾದ ಡೊಮೇನೂ ಒಂದೇ ಇರ್ಬೇಕು, ಇಲ್ದಿದ್ರೆ ಏನ್ ಮಾಡ್ಬೇಕು ಅಂತ ಡೊಮೇನ್ ಯಜಮಾನನೇ ಮುಂಚೆ ಹೇಳಿಟ್ಟಿರ್ತಾನೆ: ಸುಮ್ನೆ ಬಿಡಿ, ಸ್ಪ್ಯಾಮ್‌ಗೆ ಹಾಕಿ, ಅಥವಾ ವಾಪಸ್ ಅಟ್ಟಿ. ಇಂಗ್ಲಿಷ್‌ನಲ್ಲಿ ನನ್, ಕ್ವಾರಂಟೈನ್, ರಿಜೆಕ್ಟ್.

ನಾನು ನೋಡಿರೋ ಸಣ್ಣ ಕಂಪನಿಗಳಲ್ಲಿ ಡಿಮಾರ್ಕ್ ಇರೋದೇ ಕಮ್ಮಿ, ಇದ್ರೂ 'ನನ್'ನಲ್ಲೇ ವರ್ಷಗಟ್ಲೆ ಕೂತಿರುತ್ತೆ. ಬಾಗಿಲಿಗೆ ಬೀಗ ನೇತಾಕಿ ಕೀ ತಿರುಗಿಸದೇ ಬಿಟ್ಟ ಹಾಗೆ. ಇನ್ನೊಂದು ಪದೇ ಪದೇ ಸಿಗೋ ಎಡವಟ್ಟು ಅಂದ್ರೆ ಎರಡೆರಡು ಎಸ್‌ಪಿಎಫ್ ದಾಖಲೆ. ಮೊದಲು ವೆಬ್‌ಸೈಟ್ ಮಾಡ್ದೋನು ಒಂದು ಹಾಕಿರ್ತಾನೆ, ಆಮೇಲೆ ಬಲ್ಕ್ ಮೇಲ್ ಕಳ್ಸೋ ಸಾಫ್ಟ್‌ವೇರ್‌ನೋರು ಇನ್ನೊಂದು ಹಾಕಿಸ್ತಾರೆ, ಒಂದು ಡೊಮೇನ್‌ಗೆ ಒಂದೇ ಇರ್ಬೇಕು ಅನ್ನೋದು ನಿಯಮ, ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿ ಮಾಡಿದ್ಮೇಲೆ ಇದು ಬೆಳಕಿಗೆ ಬಂತು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳ್ಸೋರಿಗೆ ಮೂರೂ ಕಡ್ಡಾಯ, ಕಮ್ಮಿ ಕಳ್ಸೋರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದ್ರೂ ಇರ್ಲೇಬೇಕು. "ನಮ್ಮ ಕೊಟೇಶನ್ ಎಲ್ಲ ಕಸ್ಟಮರ್ ಸ್ಪ್ಯಾಮ್‌ಗೆ ಹೋಗ್ತಿದೆ" ಅಂತ ಕಂಪ್ಲೇಂಟ್ ಬಂದಾಗ ಹತ್ತರಲ್ಲಿ ಎಂಟು ಸಲ ನಾನು ಮೊದ್ಲು ನೋಡೋದು ಇದನ್ನೇ.

ಸರಿ, ಇಷ್ಟೆಲ್ಲ ಮಾಡಿದ್ರೆ ತಡೆಯೋಕೆ ಆಗೋದು ಒಂದೇ ಥರದ ಮೋಸ. ನಿಮ್ಮ ಡೊಮೇನ್ ಹೆಸರನ್ನೇ ಬೇರೆಯವ್ರು 'ಫ್ರಮ್' ಜಾಗದಲ್ಲಿ ಬರೆಯೋದು. ಕಳ್ಳ ನಿಮ್ಮ ಹೆಸರಿನ ಹತ್ತಿರದ ಇನ್ನೊಂದು ಹೆಸರನ್ನ ಕಾಸು ಕೊಟ್ಟು ಕೊಂಡ್ಕೊಂಡ್ರೆ ಈ ಮೂರೂ ಅವನಿಗೂ ಪಾಸೇ, ಯಾಕಂದ್ರೆ ಆ ಡೊಮೇನ್‌ಗೆ ಅವನೇ ಯಜಮಾನ. ಇಂಗ್ಲಿಷ್ ಆರ್ ಮತ್ತು ಎನ್ ಪಕ್ಕಪಕ್ಕ ಇಟ್ರೆ ಮೊಬೈಲ್ ಸ್ಕ್ರೀನ್‌ನಲ್ಲಿ ಎಮ್ ಥರಾನೇ ಕಾಣುತ್ತೆ, ಎಲ್ ಜಾಗಕ್ಕೆ ಒಂದು ಅಂಕಿ, ಡಾಟ್ ಇನ್ ಜಾಗಕ್ಕೆ ಡಾಟ್ ಕಾಮ್. ಓಎನ್‌ಜಿಸಿ ಕಥೆ 2015ರಲ್ಲಿ ಪೇಪರ್‌ನಲ್ಲಿ ಬಂದಿತ್ತು. ಸೌದಿ ಅರಾಮ್ಕೊಗೆ ನಾಫ್ತಾ ಮಾರಿದ್ರು, ನಡುವೆ ಕಳ್ಳರು ಓಎನ್‌ಜಿಸಿ ಅನ್ನೋ ನಾಲ್ಕು ಅಕ್ಷರನ ಹಿಂದುಮುಂದು ಮಾಡಿ ಡೊಮೇನ್ ತಗೊಂಡು ಅಕೌಂಟ್ ಬದಲಾಗಿದೆ ಅಂತ ಮೇಲ್ ಹಾಕಿದ್ರು, 197 ಕೋಟಿ ರೂಪಾಯಿ ಬ್ಯಾಂಕಾಕ್ ಅಕೌಂಟ್‌ಗೆ ಹೋಯ್ತು ಅಂತ ವರದಿ. ಎರಡೂ ಕಡೆ ಎಷ್ಟು ಜನ ಅಧಿಕಾರಿಗಳು, ಎಷ್ಟು ಸಹಿಗಳು ಇರುತ್ತೆ ಯೋಚ್ನೆ ಮಾಡಿ. ಗೂಗಲ್ಲು ಫೇಸ್‌ಬುಕ್ಕೂ ಇದ್ರಿಂದ ತಪ್ಪಿಸ್ಕೊಂಡಿಲ್ಲ. ಲಿಥುವೇನಿಯಾದ ಎವಾಲ್ದಾಸ್ ರಿಮಸೌಸ್ಕಸ್ ಅನ್ನೋನು ತೈವಾನ್‌ನ ಕ್ವಾಂಟಾ ಕಂಪನಿ ಹೆಸರಲ್ಲೇ ಇನ್ನೊಂದು ಕಂಪನಿ ರಿಜಿಸ್ಟರ್ ಮಾಡಿಸಿ, ಸುಳ್ಳು ಇನ್‌ವಾಯ್ಸ್ ಕಳ್ಸಿ, 2013ರಿಂದ 2015ರೊಳಗೆ ಇಬ್ಬರಿಂದ ಸೇರಿ 12 ಕೋಟಿ ಡಾಲರ್‌ಗೂ ಮೇಲೆ ತಗೊಂಡ, 2019ರಲ್ಲಿ ಅವನಿಗೆ ಐದು ವರ್ಷ ಜೈಲಾಯ್ತು. ಅಮೆರಿಕದ ಎಫ್‌ಬಿಐಗೆ ಈ ಒಂದೇ ಬಗೆಯ ಮೋಸದ ಬಗ್ಗೆ 2023ರಲ್ಲಿ ಬಂದ ದೂರುಗಳಲ್ಲಿ ಹೋದ ದುಡ್ಡು 290 ಕೋಟಿ ಡಾಲರ್. ವೈರಸ್ಸಿಲ್ಲ, ಹಾಲಿವುಡ್ ಸ್ಟೈಲ್ ಹ್ಯಾಕಿಂಗ್ ಇಲ್ಲ, ಒಂದು ಪತ್ರ ಅಷ್ಟೇ.

ನಮ್ಮ ಮೆಷಿನ್ ಶಾಪ್‌ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಕೇಸು, ಅಲ್ಲಿ ಅಕ್ಷರನೂ ಬದಲಾಗಿರ್ಲಿಲ್ಲ. ಸಪ್ಲೈಯರ್ ಕಡೆಯವ್ರು ಮೊದ್ಲು ಒಪ್ಲೇ ಇಲ್ಲ, "ನಿಮ್ಮ ಕಡೆಯೇ ಹ್ಯಾಕ್ ಆಗಿರ್ಬೇಕು, ನಮಗೆ ನಮ್ಮ ದುಡ್ಡು ಕೊಡಿ" ಅಂತ ಪಟ್ಟು ಹಿಡಿದ್ರು. ಎರಡು ದಿನ ಫೋನಲ್ಲಿ ಜಗಳ ಆದ್ಮೇಲೆ ಅವ್ರ ಮಗ ಸ್ಕ್ರೀನ್ ಶೇರ್ ಮಾಡಿದ. ಔಟ್‌ಲುಕ್‌ನಲ್ಲಿ ರೂಲ್ಸ್ ಅಂತ ಇರುತ್ತೆ, ಬಂದ ಮೇಲ್‌ನ ತಾನಾಗೇ ಏನ್ ಮಾಡ್ಬೇಕು ಅಂತ ಹೇಳಿಡೋದು, ಅಲ್ಲಿ ಒಂದೇ ಒಂದು ಚುಕ್ಕಿ ಹೆಸರಾಗಿರೋ ರೂಲ್ ಇತ್ತು. ಹೆಸರು ಅಂದ್ರೆ ಬರೀ ಫುಲ್‌ಸ್ಟಾಪ್, ಕಣ್ಣಿಗೆ ಬೀಳಬಾರ್ದು ಅಂತ. ನಮ್ಮ ಮೆಷಿನ್ ಶಾಪ್ ಐಡಿಯಿಂದ ಬರೋ ಮೇಲ್ ಎಲ್ಲ ಓದಿದ್ದು ಅಂತ ಗುರ್ತು ಮಾಡಿ ವೆಬ್‌ಸೈಟ್‌ಗಳ ಹೊಸ ಸುದ್ದಿ ಬಂದು ಬೀಳೋ 'ಆರ್‌ಎಸ್‌ಎಸ್ ಫೀಡ್ಸ್' ಅನ್ನೋ ಫೋಲ್ಡರ್‌ಗೆ ಹಾಕು ಅಂತ ಅದರೊಳಗೆ ಬರೆದಿತ್ತು. ಆ ಫೋಲ್ಡರ್ ಯಾರಾದ್ರೂ ಜನ್ಮದಲ್ಲಿ ತೆಗೆದು ನೋಡಿದ್ದುಂಟಾ? ಅದರೊಳಗೆ ಹದಿನಾಲ್ಕು ಮೇಲ್ ಬಿದ್ದಿತ್ತು, ಅದರಲ್ಲಿ ಒಂದು ನಮ್ಮ ಹುಡುಗಿ ಕಳ್ಸಿದ್ದು: "ಸರ್, ಹೊಸ ಅಕೌಂಟ್ ಕನ್ಫರ್ಮ್ ಮಾಡಿ ಪ್ಲೀಸ್." ಪಾಪ ಅವಳು ಕೇಳಿದಾಳೆ. ಕನ್ಫರ್ಮ್ಡ್ ಅಂತ ಉತ್ತರ ಕೊಟ್ಟಿದ್ದು ಕಳ್ಳ.

ಒಳಗೆ ಹೇಗೆ ಬಂದ ಅನ್ನೋದು ನೋಡಿದ್ರೆ, ಅವ್ರ ಅಕೌಂಟ್ಸ್‌ನೋರಿಗೆ ಒಂದು ತಿಂಗಳ ಹಿಂದೆ ಪರಿಚಯದ ಕಸ್ಟಮರ್ ಐಡಿಯಿಂದಲೇ 'ಪರ್ಚೇಸ್ ಆರ್ಡರ್ ಶೇರ್ ಮಾಡಿದೀವಿ' ಅಂತ ಲಿಂಕ್ ಬಂದಿದೆ, ಒತ್ತಿದಾರೆ, ಲಾಗಿನ್ ಪೇಜ್ ಬಂದಿದೆ, ಪಾಸ್‌ವರ್ಡ್ ಹಾಕಿದಾರೆ, ಓಟಿಪಿನೂ ಹಾಕಿದಾರೆ. ಟೂ ಸ್ಟೆಪ್ ಇತ್ತು ಅಂತ ಅವ್ರು ಎದೆ ತಟ್ಕೊಂಡು ಹೇಳ್ತಿದ್ರು, ಇತ್ತು ನಿಜ. ಆದ್ರೆ ಆ ನಕಲಿ ಪೇಜು ನಡುವೆ ಕೂತು ಇಲ್ಲಿ ಹಾಕಿದ್ದನ್ನ ಅದೇ ಕ್ಷಣ ಅಸಲಿ ಪೇಜಿಗೆ ಹಾಕಿ ಟೋಕನ್ ಎತ್ಕೊಂಡ್ಬಿಡುತ್ತೆ. ದರ್ಶಿನಿ ಹೋಟ್ಲು ನೆನಪು ಮಾಡ್ಕೊಳ್ಳಿ, ಕ್ಯಾಶ್ ಕೌಂಟರ್‌ನಲ್ಲಿ ಒಂದು ಸಲ ದುಡ್ಡು ಕೊಟ್ಟು ಟೋಕನ್ ತಗೊಂಡ್ರೆ ಮುಗೀತು, ದೋಸೆ ಕೌಂಟರ್‌ನೋನು ದುಡ್ಡು ಕೊಟ್ಟಿದ್ದು ನೀವೇನಾ ಅಂತ ಕೇಳಲ್ಲ, ಟೋಕನ್ ಯಾರ ಕೈಲಿದ್ಯೋ ಅವ್ರಿಗೆ ದೋಸೆ. ಮೇಲ್ ಲಾಗಿನ್ನೂ ಹಾಗೇ, ಒಂದು ಸಲ ಪಾಸ್‌ವರ್ಡ್ ಓಟಿಪಿ ಎಲ್ಲ ಆದ್ಮೇಲೆ ಬ್ರೌಸರ್‌ಗೆ ಒಂದು ಟೋಕನ್ ಸಿಗುತ್ತೆ, ಅದು ಕಳ್ಳನ ಕೈಗೆ ಸಿಕ್ರೆ ಪಾಸ್‌ವರ್ಡ್ ಯಾಕೆ ಬೇಕು ಅವನಿಗೆ. ಅದಕ್ಕೇ ಹ್ಯಾಕ್ ಆಯ್ತು ಅಂತ ಗೊತ್ತಾದಾಗ ಪಾಸ್‌ವರ್ಡ್ ಬದಲಾಯ್ಸಿ ಸುಮ್ನಾಗ್ಬಾರ್ದು, ಎಲ್ಲ ಡಿವೈಸ್‌ನಿಂದ ಲಾಗೌಟ್ ಮಾಡಿಸ್ಬೇಕು, ರೂಲ್ಸ್, ಫಿಲ್ಟರ್, ಫಾರ್ವರ್ಡಿಂಗ್ ಮೂರೂ ತೆಗೆದು ನೋಡ್ಬೇಕು, ಯಾವ್ಯಾವ ಆ್ಯಪ್‌ಗೆ ಪರ್ಮಿಷನ್ ಇದೆ ಅಂತಾನೂ.

ಹಾಗಂತ ಟೂ ಸ್ಟೆಪ್ ವೇಸ್ಟ್ ಅಂತ ಅಲ್ಲ. ಬೇರೆ ಎಲ್ಲೋ ಲೀಕ್ ಆದ ಪಾಸ್‌ವರ್ಡ್ ತಂದು ಇಲ್ಲಿ ಹಾಕಿ ನೋಡೋ ದೊಡ್ಡ ಗುಂಪನ್ನ ಅದು ಬಾಗಿಲಲ್ಲೇ ನಿಲ್ಲಿಸುತ್ತೆ. ಆದ್ರೆ ಈಗ ಪಾಸ್‌ಕೀ ಅಂತ ಬಂದಿದೆ, ಗೂಗಲ್ಲು ಮೈಕ್ರೋಸಾಫ್ಟು ಎರಡರಲ್ಲೂ ಇದೆ, ಬೆರಳು ಇಟ್ಟು ಒಳಗೆ ಹೋಗೋದು. ಅದರಲ್ಲಿ ಸೈಟ್ ಅಸಲಿನಾ ಅಂತ ನೋಡೋದು ನಿಮ್ಮ ಕಣ್ಣಲ್ಲ, ಫೋನೇ ಹೆಸರು ತಾಳೆ ಮಾಡುತ್ತೆ, ನಕಲಿ ಪೇಜಿಗೆ ಅದು ಬಾಯೇ ಬಿಡಲ್ಲ. ಓನರ್ ಮತ್ತು ಅಕೌಂಟ್ಸ್, ಈ ಎರಡು ಜನಕ್ಕಾದ್ರೂ ಅದನ್ನ ಹಾಕಿಸಿ ಅಂತ ನಾನು ಈಗ ಹೋದಲ್ಲೆಲ್ಲ ಹೇಳ್ತೀನಿ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಬಹಳ ಕಡೆ ಪಾಸ್‌ಕೀ ಮಾತಾಡೋ ಪರಿಸ್ಥಿತಿನೇ ಇರಲ್ಲ. ಇನ್ಫೋ ಅಂತ ಒಂದೇ ಐಡಿ, ನಾಲ್ಕು ಜನಕ್ಕೆ ಒಂದೇ ಪಾಸ್‌ವರ್ಡ್, ಅದು ಕಂಪನಿ ಹೆಸರು ಅಟ್ 123, ಮಾನಿಟರ್ ಅಂಚಿಗೆ ಚೀಟಿ ಅಂಟಿಸಿರ್ತಾರೆ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಸೇಲ್ಸ್ ಹುಡುಗನ ಮೊಬೈಲ್‌ನಲ್ಲಿ ಇನ್ನೂ ಆ ಮೇಲ್ ಬೀಳ್ತಾನೇ ಇರುತ್ತೆ. ಡೊಮೇನ್ ಯಾರ ಹೆಸರಲ್ಲಿದೆ ಅಂತ ಕೇಳಿದ್ರೆ "ವೆಬ್‌ಸೈಟ್ ಮಾಡಿದ ಹುಡುಗನ ಹತ್ರ ಇರ್ಬೇಕು" ಅಂತಾರೆ. ಆ ಹುಡುಗ ಈಗ ಕೆನಡಾದಲ್ಲಿ. ಶೆಡ್ಡಿನ ಖಾತೆ ಬೇರೆಯವ್ರ ಹೆಸರಲ್ಲಿದ್ರೆ ಸುಮ್ನಿರ್ತೀರಾ ಸ್ವಾಮಿ? ಡೊಮೇನ್ ರಿನ್ಯೂ ಆಗದೇ ಬಿದ್ದೋದ್ರೆ ಯಾರು ಬೇಕಾದ್ರೂ ಅದನ್ನ ಕೊಂಡ್ಕೊಬಹುದು, ಆಮೇಲೆ ನಿಮ್ಮ ಐಡಿಗೆ ಬರೋ ಮೇಲ್ ಎಲ್ಲ ಅವನಿಗೆ, ಎಲ್ಲೆಲ್ಲಿ ಆ ಐಡಿ ಕೊಟ್ಟಿದೀರೋ ಅಲ್ಲಿನ ಪಾಸ್‌ವರ್ಡ್ ರೀಸೆಟ್ ಲಿಂಕೂ ಅವನಿಗೇ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೊಟ್ಟಿರೋ ಮೇಲು ಮೊಬೈಲು ಕನ್ಸಲ್ಟೆಂಟ್‌ದು ಅನ್ನೋದು ಇನ್ನೊಂದು ಕಥೆ, ಅದು ಬಿಡಿ.

ಡೊಮೇನ್ ಐಡಿ ಇದ್ರೆ ಪ್ರೊಫೆಷನಲ್ಲು, ಜಿಮೇಲ್ ಐಡಿ ಅಂದ್ರೆ ಚೀಪು ಅಂತ ಒಂದು ಮಾತು ಓಡಾಡ್ತಿರುತ್ತೆ, ನಾನು ಇದನ್ನ ಪೂರ್ತಿ ಒಪ್ಪಲ್ಲ. ವೆಬ್‌ಸೈಟ್ ಜೊತೆ ಫ್ರೀ ಅಂತ ಕೊಡೋ ಮೇಲ್‌ಬಾಕ್ಸ್‌ಗಳಲ್ಲಿ ಎಷ್ಟೋ ಕಡೆ ಟೂ ಸ್ಟೆಪ್ಪೇ ಇರಲ್ಲ, ಸ್ಪ್ಯಾಮ್ ಸೋಸೋದು ಹೆಸರಿಗಷ್ಟೇ, ಮೇಲ್ ಎಲ್ಲ ಪಿಓಪಿ ಅನ್ನೋ ಹಳೇ ಪದ್ಧತಿಯಲ್ಲಿ ಒಂದೇ ಕಂಪ್ಯೂಟರ್‌ಗೆ ಇಳಿದು ಕೂತಿರುತ್ತೆ, ಹಾರ್ಡ್ ಡಿಸ್ಕ್ ಹೋದ್ರೆ ಹತ್ತು ವರ್ಷದ ವ್ಯವಹಾರ ಹೋಯ್ತು. ಅಂಥದ್ದಕ್ಕಿಂತ ಟೂ ಸ್ಟೆಪ್ ಹಾಕಿರೋ ಸಾದಾ ಜಿಮೇಲ್ ಎಷ್ಟೋ ಮೇಲು. ಕೈಲಾದ್ರೆ ತಲೆಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಸರಿಯಾದ ಬಿಸಿನೆಸ್ ಮೇಲ್ ತಗೊಳ್ಳಿ, ಎಲ್ಲರಿಗೂ ಬೇಡ, ದುಡ್ಡಿನ ವಿಷಯ ಮಾತಾಡೋ ಮೂರು ಜನಕ್ಕೆ ಸಾಕು.

ಬ್ಯಾಂಕ್ ಕಡೆಯ ಕಥೆನೂ ಸ್ವಲ್ಪ ಹೇಳ್ಬೇಕು. ನಮ್ಮಲ್ಲಿ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ದುಡ್ಡು ಜಮಾ ಆಗೋದು ಅಕೌಂಟ್ ನಂಬರ್ ನೋಡಿ, ಹೆಸರು ತಾಳೆ ಆಗಲ್ಲ. ಇದು ಎಷ್ಟೋ ಓನರ್‌ಗಳಿಗೆ ಗೊತ್ತೇ ಇಲ್ಲ, ಹೆಸರು ತಪ್ಪಿದ್ರೆ ವಾಪಸ್ ಬರುತ್ತೆ ಅಂದ್ಕೊಂಡಿರ್ತಾರೆ. 2024ರ ಡಿಸೆಂಬರ್ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸ್ತು, ದುಡ್ಡು ಹಾಕೋಕೆ ಮುಂಚೆ ಆ ನಂಬರ್ ಯಾರ ಹೆಸರಲ್ಲಿದೆ ಅಂತ ತೋರಿಸೋ ಸೌಲಭ್ಯನ ಬ್ಯಾಂಕ್‌ಗಳು 2025ರ ಏಪ್ರಿಲ್ 1ರೊಳಗೆ ಕೊಡ್ಬೇಕು, ಅದಕ್ಕೆ ಚಾರ್ಜ್ ಮಾಡಂಗಿಲ್ಲ ಅಂತ. ಒಳ್ಳೇದೇ. ಆದ್ರೆ ನಮ್ಮ ಕೇಸಲ್ಲಿ ಹುಡುಗಿ ಹೆಸರು ನೋಡಿದ್ಲು, ಯಾವುದೋ ಎಂಟರ್‌ಪ್ರೈಸಸ್ ಅಂತ ಬಂತು, ಲೆಟರ್‌ಹೆಡ್‌ನಲ್ಲಿ ಸಿಸ್ಟರ್ ಕನ್ಸರ್ನ್ ಅಂತ ಕೊಟ್ಟಿದ್ದೂ ಅದೇ ಹೆಸರು. ಅದೂ ಪಾಸ್. ಕಳ್ಳನಿಗೆ ಆ ಪರೀಕ್ಷೆನೂ ಗೊತ್ತಿದೆ, ಅದಕ್ಕೆ ತಕ್ಕ ಕಥೆ ಹೊಸೆದಿದಾನೆ. ಯಾರೋ ಕಮಿಷನ್ ಆಸೆಗೆ ಬಾಡಿಗೆ ಕೊಟ್ಟ ಕರೆಂಟ್ ಅಕೌಂಟ್ ಅದು.

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ವಿ, ಆ ಪೇಮೆಂಟ್‌ಗೆ ಬ್ಯಾಂಕ್ ಕೊಟ್ಟ ಯುಟಿಆರ್ ನಂಬರ್, ಅಕೌಂಟ್, ದಿನಾಂಕ, ಮೊತ್ತ ಎಲ್ಲ ಕೊಟ್ಟು ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ಹಾಕಿ ಸೈಬರ್ ಕೇಸು ನೋಡೋ ಸೆನ್ ಪೊಲೀಸ್ ಠಾಣೆಗೆ ಹೋದ್ವಿ. ಈ ವ್ಯವಸ್ಥೆ 2021ರಿಂದ ಇದೆ, ಫೋನ್ ಬಂದ ತಕ್ಷಣ ಬ್ಯಾಂಕ್‌ಗಳಿಗೆ ಸುದ್ದಿ ಹೋಗಿ ಆ ಅಕೌಂಟ್‌ನಲ್ಲಿರೋದನ್ನ ಹೋಲ್ಡ್ ಮಾಡ್ತಾರೆ, ಅಲ್ಲಿಂದ ಮುಂದಕ್ಕೆ ಹೋಗಿದ್ರೆ ಅದರ ಹಿಂದೆ ಹೋಗ್ತಾರೆ. ಅದೇ ದಿನ, ಅದೇ ಗಂಟೆ ಆಗಿದ್ರೆ ಬೇರೆ ಮಾತು. ಹನ್ನೊಂದು ದಿನ ಆದ್ಮೇಲೆ ಹೋಗಿದ್ದಕ್ಕೆ ಅಲ್ಲಿ ಉಳಿದಿದ್ದು 41 ಸಾವಿರ, ಮಿಕ್ಕಿದ್ದು ಆರೇಳು ಅಕೌಂಟ್‌ಗೆ ಚೂರುಚೂರಾಗಿ ಎಟಿಎಂನಿಂದ ಹೊರಗೆ ಬಂದಾಗಿತ್ತು. ಕಳ್ಳ ಆ ರೂಲ್ ಹಾಕಿ ಮೇಲ್ ಬಚ್ಚಿಟ್ಟಿದ್ದು ಈ ಹನ್ನೊಂದು ದಿನ ಸಂಪಾದಿಸೋಕೇ. ಇಂಥ ಘಟನೆ ಗೊತ್ತಾದ ಆರು ಗಂಟೆಯೊಳಗೆ ಸೈಬರ್ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೂ ತಿಳಿಸ್ಬೇಕು ಅಂತ 2022ರ ಏಪ್ರಿಲ್ 28ರ ಆದೇಶ ಇದೆ, ಸಣ್ಣ ಕಂಪನಿಗೂ ಅನ್ವಯ, ಆದ್ರೆ ಠಾಣೆಯಲ್ಲಿ ಕೂತಿದ್ದ ಇನ್ನೂ ಮೂರು ಫ್ಯಾಕ್ಟರಿಯೋರನ್ನ ಕೇಳಿದೆ, ಒಬ್ಬರಿಗೂ ಆ ಹೆಸರೇ ಗೊತ್ತಿರ್ಲಿಲ್ಲ.

ನಷ್ಟ ಯಾರದ್ದು ಅನ್ನೋದು ಮೂರು ತಿಂಗಳು ಎಳೀತು. ಮೇಲ್ ಒಡೆದಿದ್ದು ಅವ್ರದ್ದು, ದುಡ್ಡು ಹಾಕಿದ್ದು ಇವ್ರು. ಇಪ್ಪತ್ತು ವರ್ಷದ ವ್ಯವಹಾರ ಅಂತ ಕೊನೆಗೆ ಅರ್ಧ ಅರ್ಧ ಅಂತ ಬಗೆಹರಿಸ್ಕೊಂಡ್ರು, ಆದ್ರೂ ಫೋನಲ್ಲಿ ಮೊದಲಿನ ಸಲಿಗೆ ಇಲ್ಲ. ಅಕೌಂಟ್ ಬದಲಾವಣೆ ಅಂತ ಏನೇ ಬಂದ್ರೂ ಮೇಲ್‌ನಲ್ಲಿರೋ ನಂಬರ್‌ಗಲ್ಲ, ಹಳೇ ಬಿಲ್ ಬುಕ್‌ನಲ್ಲಿರೋ ನಂಬರ್‌ಗೆ ಫೋನ್ ಮಾಡಿ, ಗುರ್ತಿರೋ ದನಿ ಕೇಳಿ, ಆಮೇಲೆ ಮುಂದಿನ ಮಾತು ಅಂತ ಓನರ್ ನಿಯಮ ಮಾಡಿದಾರೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗ್ಲಿಲ್ಲ.

ಮೊನ್ನೆ ಹೋದಾಗ ಪವರ್ ಟೂಲ್ ಸಪ್ಲೈಯರ್ ಒಬ್ರಿಂದ ನಿಜವಾಗ್ಲೂ ಅಕೌಂಟ್ ಬದಲಾದ ಮೇಲ್ ಬಂದಿತ್ತು. ಹುಡುಗಿ 2019ರ ಫೈಲ್ ತೆಗೆದು ಲ್ಯಾಂಡ್‌ಲೈನ್ ಹುಡುಕಿ ಫೋನ್ ಮಾಡಿದ್ಲು. ಆ ಕಡೆ ಅಜ್ಜ ಎತ್ತಿ "ಹೌದಮ್ಮ, ಬ್ಯಾಂಕ್ ಬದಲಾಯ್ಸಿದೀವಿ, ಮೇಲ್ ನೋಡಿಲ್ವಾ" ಅಂತ ಸ್ವಲ್ಪ ಸಿಡುಕಿದ್ರು. "ನೋಡಿದೀನಿ ಸರ್, ಈಗ ಒಂದು ರೂಪಾಯಿ ಹಾಕ್ತೀನಿ, ಲೈನಲ್ಲೇ ಇರಿ, ಬಂತು ಅಂತ ನೀವೇ ಬಾಯಲ್ಲಿ ಹೇಳ್ಬೇಕು" ಅಂದ್ಲು. ಅಜ್ಜ ಮಗನನ್ನ ಕೂಗಿ, ಮಗ ಮೊಬೈಲ್ ಹುಡುಕಿ, ಎಸ್ಸೆಮ್ಮೆಸ್ ತೆಗೆದು ಓದೋ ತನಕ ಏಳು ನಿಮಿಷ ಅವಳು ರಿಸೀವರ್ ಹಿಡ್ಕೊಂಡೇ ಕೂತಿದ್ಲು.